ಎಡಕ್ಕೆ ತಿರುಗಿದರೆ ಸಾಯುವ ತಮೆಕಿಚಿ

ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ತಮೆಕಿಚಿ ಸತ್ತ. ಅರ್ಧ ನಿಮಿಷದಲ್ಲಿ ಬದುಕಿದ. ಮತ್ತೆ ಸತ್ತ. ಮೂರನೇ ಸಾವಿಗೆ ಪೊಲೀಸ್ ಇಲಾಖೆಯ ಚಿತ್ರಪರೀಕ್ಷಕ ಇಸೊಗಾಯಿ ಪೆನ್ಸಿಲ್ ಕೆಳಗಿಟ್ಟು, ಯಂತ್ರ ನಿಲ್ಲಿಸಲು ಹೇಳಿದರು.

ಅದು ತೈಶೋ ದೊರೆಯ ಏಳನೇ ವರ್ಷ, ಅಂದರೆ 1918ರ ಅಕ್ಟೋಬರ್, ಟೋಕಿಯೊ. ತಮೆಕಿಚಿ ಗೇಣುದ್ದದ ಕಾಗದದ ಮನುಷ್ಯ. ಅವನನ್ನು ಕತ್ತರಿಸಿ, ಮೊಣಕಾಲು ಮೊಣಕೈಗಳಿಗೆ ದಾರದ ಕೀಲು ಹಾಕಿ, ಎರಡೂ ಬದಿಗೆ ಬಣ್ಣ ಬಳಿಸಿ, ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತಷ್ಟು ಸರಿಸಿ ಇನ್ನೊಂದು ಚಿತ್ರ ತೆಗೆದು ನಡೆಸಿದವರು ಕುಸಕಾಬೆ ರೊಕುರೊ. ಚಿತ್ರಗಳನ್ನು ಓಡಾಡಿಸುವ ಈ ಕೆಲಸಕ್ಕೆ ಆಗಿನ್ನೂ ಸರಿಯಾದ ಹೆಸರಿರಲಿಲ್ಲ. ಊರಲ್ಲಿ ಅದನ್ನು ಮಾಡುವವರು ಬೆರಳೆಣಿಕೆಯಷ್ಟು ಜನ.

"ಕುಸಕಾಬೆಯವರೇ, ಇವನು ಹೇಗೆ ಸತ್ತ?" ಎಂದು ಇಸೊಗಾಯಿ ಕೇಳಿದರು.

"ಯಾರು ಸಾಹೇಬ್ರೇ? ಯಾರೂ ಸಾಯಲ್ವಲ್ಲ. ಮರೆಗುಳಿ ಒಬ್ಬ ಬೀದಿ ಕೊನೆಯ ಸಾರ್ವಜನಿಕ ಸ್ನಾನದ ಮನೆಗೆ ಹೊರಡ್ತಾನೆ. ಟವೆಲ್ ಮರೆತು ವಾಪಸ್ ಬರ್ತಾನೆ. ಮತ್ತೆ ಹೋಗ್ತಾನೆ, ಸೋಪು ಮರೆತು ವಾಪಸ್ ಬರ್ತಾನೆ. ಅಷ್ಟೇ ಕಥೆ."

"ಹೋಗೋವಾಗ ಸರಿಯಾಗೇ ಇದಾನೆ. ಬರೋವಾಗ ಅವನ ಕಿಮೊನೊ ನೋಡ್ರಿ. ಬಲಗಡೆ ಅಂಚು ಎಡದ್ದರ ಮೇಲೆ ಬಂದಿದೆ. ಹಾಗೆ ಉಡಿಸೋದು ಹೆಣಕ್ಕೆ."

ಯಂತ್ರ ಮತ್ತೆ ಓಡಿತು. ಕುಸಕಾಬೆ ನೋಡಿದರು. ತಮೆಕಿಚಿಗೆ ಇದ್ದದ್ದು ಒಂದೇ ದೇಹ. ಬಲಕ್ಕೆ ಹೋಗಬೇಕಾದರೆ ಇದ್ದ ಹಾಗೆ ಇಡುವುದು, ಎಡಕ್ಕೆ ಹೋಗಬೇಕಾದರೆ ದೋಸೆಯ ಹಾಗೆ ಮಗುಚಿ ಹಾಕುವುದು. ಮಗುಚಿದಾಗ ಮೂಗಿನ ಜೊತೆ ಎದೆಯ ಮೇಲಿನ ಅಂಚೂ ಮಗುಚಿಕೊಂಡಿತ್ತು. ಬೇಸಿಗೆಯಿಡೀ ಮೇಜಿನ ಮೇಲೆ ಬಾಗಿ ಕೂತಿದ್ದ ಕುಸಕಾಬೆ ಅವನ ಕಾಲನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

"ಕಥಾಸಾರದಲ್ಲಿ ಸಾವು ಅಂತ ಬರೆದಿಲ್ಲ," ಎಂದರು ಇಸೊಗಾಯಿ. ಸಿಟ್ಟಿರಲಿಲ್ಲ, ಗುಮಾಸ್ತಿಕೆಯ ಧ್ವನಿ. "ಇದು ದೆವ್ವದ ಕಥೆ ಅಂತ ತಿದ್ದಿಕೊಡಿ, ಪಾಸ್ ಮಾಡ್ತೀನಿ. ಆದರೆ ಹದಿನೈದು ತುಂಬದ ಮಕ್ಕಳನ್ನ ಬಿಡೋ ಹಾಗಿಲ್ಲ. ಇನ್ನೊಂದು ಮಾತು, ಹೆಣ ಸಾರ್ವಜನಿಕ ಸ್ನಾನದ ಮನೆಗೆ ಹೋಗೋದು ನೈರ್ಮಲ್ಯ ನಿಯಮಕ್ಕೆ ವಿರುದ್ಧ. ಆ ವಿಭಾಗದ ಒಪ್ಪಿಗೇನೂ ಬೇಕಾಗುತ್ತೆ."

ಮಕ್ಕಳಿಲ್ಲದೆ ಆಗುವಂತಿರಲಿಲ್ಲ. ಚಿತ್ರ ಮಾಡಿಸುತ್ತಿದ್ದುದು ಊರಿನ ಶಿತಾಯ ಬಡಾವಣೆಯ ಸ್ನಾನದ ಮನೆಗಳ ಸಂಘ. ಬಿಸಿನೀರಿಗೆ ಹೆದರಿ ಬಾಗಿಲಲ್ಲೇ ಅಳುವ ಮಕ್ಕಳ ಭಯ ಬಿಡಿಸುವುದು ಅದರ ಉದ್ದೇಶ. ಕುಸಕಾಬೆ ಕೆಲಸಕ್ಕಿದ್ದ ಚಿತ್ರ ಕಂಪನಿಯ ಮಾಲೀಕರು ಮೊದಲೇ ಹೇಳಿದ್ದರು: ಶನಿವಾರ ಸಂಘ ಈ ಚಿತ್ರವನ್ನು ಒಪ್ಪದಿದ್ದರೆ ಕುಸಕಾಬೆಯ ಮೇಜು ತೆಗೆಸಿ, ಆ ಜಾಗದಲ್ಲಿ ಕತ್ತಿವರಸೆ ನಟರ ವಿಗ್ಗುಗಳನ್ನು ಇಡಲಾಗುವುದು.

ಹೊಸ ತಮೆಕಿಚಿಯನ್ನು ಕತ್ತರಿಸಲು ಒಂದು ಗಂಟೆ ಸಾಕಿತ್ತು. ಆದರೆ ಮಹಾಯುದ್ಧದಿಂದಾಗಿ ವಿದೇಶದ ಹಡಗು ಬಾರದೆ, ಕಂಪನಿಯಲ್ಲಿ ಅವರ ಪಾಲಿಗೆ ಉಳಿದಿದ್ದ ಫಿಲ್ಮು ಒಂದು ನಿಮಿಷಕ್ಕೆ ಆಗುವಷ್ಟು ಮಾತ್ರ. ಸತ್ತ ದೃಶ್ಯಗಳೆಲ್ಲ ಸೇರಿ ಅದಕ್ಕಿಂತ ಬಹಳ ಉದ್ದವಿದ್ದವು.

ಕುಸಕಾಬೆ ಕತ್ತರಿ ತೆಗೆದುಕೊಂಡು ಎಡಕ್ಕೆ ನಡೆಯುವ ದೃಶ್ಯಗಳನ್ನೆಲ್ಲ ಕತ್ತರಿಸಿ ಹಾಕಿದರು. ಉಳಿದದ್ದನ್ನು ಸಂಘದ ಅಧ್ಯಕ್ಷ ಓಗುರಿಗೆ ತೋರಿಸಿದರು. ಓಗುರಿ ಮೂರು ಸ್ನಾನದ ಮನೆಗಳ ಯಜಮಾನ. ಮುಖ ಸದಾ ಬೆಂದ ಆಕ್ಟೋಪಸ್ಸಿನ ಬಣ್ಣ.

"ತಡೀರಿ. ಇವನು ನನ್ನ ಸ್ನಾನದ ಮನೆಗೆ ಹೋದ. ಆಮೇಲೆ?"

"ಆಮೇಲೆ ಚಿತ್ರ ಮುಗೀತು."

"ವಾಪಸ್ ಬರಲ್ವಾ?"

"ಬರಲ್ಲ."

"ನೀರಲ್ಲಿ ಮುಳುಗಿದ್ನಾ? ಕರಗಿ ಹೋದ್ನಾ? ಏನಪ್ಪಾ ಇದು! ನಾನು ಜನರನ್ನ ನುಂಗೋ ಅಂಗಡಿ ಇಟ್ಟಿದೀನಾ? ಶನಿವಾರದೊಳಗೆ ಅವನನ್ನ ಮನೆ ಸೇರಿಸ್ರಿ. ಜೀವಂತ!"

ಸಂಜೆ ಕುಸಕಾಬೆಯ ಮನೆಯಲ್ಲಿ ಸಭೆ ಸೇರಿತು. ಸಭೆ ಎಂದರೆ ಕುಸಕಾಬೆ, ಅವರಿಗೆ ಬಣ್ಣ ಬಳಿದುಕೊಡುವ ಹೆಂಡತಿ ಒರಿನ್, ಮತ್ತು ಹಕುಸುಯ್. ಹಕುಸುಯ್ ಬೆನ್ಶಿ, ಅಂದರೆ ಪರದೆಯ ಪಕ್ಕ ನಿಂತು ಮೂಕ ಚಿತ್ರಕ್ಕೆ ಬಾಯಿ ಕೊಡುವವನು. ಅವನ ಬಾಯಿ ಊಟದ ಹೊತ್ತಿಗೂ ಮುಚ್ಚುತ್ತಿರಲಿಲ್ಲ.

"ಬೆತ್ತಲೆ ಬರಲಿ ಬಿಡಿ ಗುರುಗಳೇ," ಎಂದ ಹಕುಸುಯ್, ಬೇಯಿಸಿದ ಮೂಲಂಗಿ ಬಾಯಲ್ಲಿಟ್ಟುಕೊಂಡೇ. "ಸ್ನಾನದ ಮನೇಲಿ ಬಟ್ಟೆ ಮರೆತು ಬಂದ ಅಂತ ನಾನು ಹೇಳ್ತೀನಿ. ಬೆತ್ತಲೆಯವನಿಗೆ ಎಡ ಯಾವುದು, ಬಲ ಯಾವುದು?"

"ಇಸೊಗಾಯಿಯವರನ್ನ ಆಗಲೇ ಕೇಳಿದೆ," ಎಂದರು ಕುಸಕಾಬೆ. " ಅದಕ್ಕೆ ಬೇರೆ ಕಲಮು ಇದೆಯಂತೆ."

ಒರಿನ್ ಮೇಜಿನ ಮೇಲೆ ತಮೆಕಿಚಿಯನ್ನು ಮಗುಚದೆ, ಮುಖ ಬಲಕ್ಕೇ ಇಟ್ಟು ಎಡಕ್ಕೆ ಸರಿಸುತ್ತಾ ಹೋದಳು. "ನೋಡ್ರೀ, ಹಿಂದೆ ಹಿಂದೆ ನಡ್ಕೊಂಡು ಬರ್ತಾನೆ."

ಮೂವರೂ ನೋಡಿದರು. ಸ್ನಾನದ ಮನೆಯೊಳಗೆ ನೋಡಬಾರದ್ದೇನನ್ನೋ ನೋಡಿ, ಅದರ ಮೇಲಿಂದ ಕಣ್ಣು ತೆಗೆಯಲಾಗದೆ ಹಿಂಜರಿಯುತ್ತಿರುವವನ ಹಾಗೆ ಕಂಡ.

"ಓಗುರಿಗೆ ಲಕ್ವಾ ಹೊಡೆಯುತ್ತೆ," ಎಂದ ಹಕುಸುಯ್.

"ನಿನ್ನ ಬಾಯಿಗಷ್ಟು!" ಎಂದಳು ಒರಿನ್. " ಹಾಗಾದ್ರೆ ನೀನೇ ಹೇಳಪ್ಪಾ, ಎಡಕ್ಕೆ ತಿರುಗದೆ ಮನೆ ಸೇರೋದು ಹೇಗೆ?"

"ಅತ್ತಿಗೆ, ಭೂಮಿ ಗುಂಡಗಿದೆ ಅಂತ ಶಾಲೇಲಿ ಹೇಳಿಕೊಡ್ತಾರಲ್ಲ. ಬಲಕ್ಕೇ ಹೋಗ್ತಾ ಇರಲಿ. ಒಂದಲ್ಲ ಒಂದು ದಿನ ಹಿತ್ತಲ ಬಾಗಿಲಿಗೆ ಬಂದೇ ಬರ್ತಾನೆ."

ಅವನು ಹೇಳಿದ್ದು ತಮಾಷೆಗೆ. ಕುಸಕಾಬೆ ನಗಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯಿಂದ ಕಾಗದ ತೆಗೆದರು.

ಮೂರು ದಿನ ಗಂಡ ಹೆಂಡತಿ ಜಗತ್ತನ್ನು ಕತ್ತರಿಸಿದರು. ಒರಿನ್ ಸಮುದ್ರ, ತಿಮಿಂಗಿಲ, ಅಮೆರಿಕದ ರೈಲು ಮಾಡಿದಳು. ಕುಸಕಾಬೆ ಆನೆ, ಮರಳುಗಾಡು, ಹಿಮದ ಬೆಟ್ಟ ಮಾಡಿದರು. ಯೂರೋಪ್ ಹೇಗಿದೆಯೆಂದು ಇಬ್ಬರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ನೋಡಿ ಮಾಡಿದರು. ತಲೆಯ ಮೇಲೆ ಮರದ ಬಕೆಟ್ಟು, ಹೆಗಲ ಮೇಲೆ ಒದ್ದೆ ಟವೆಲ್ಲು ಹೊತ್ತ ತಮೆಕಿಚಿ ಇವೆಲ್ಲವನ್ನೂ ಬಲಕ್ಕೆ ದಾಟಿ, ಒಂದು ನಿಮಿಷದೊಳಗೆ ತನ್ನ ಮನೆಯ ಹಿತ್ತಲಿಗೆ ಬಂದು ಮುಟ್ಟಿದ. ಟವೆಲ್ಲು ಸೋಪುಗಳಿಗಾಗಿ ವಾಪಸ್ ಬರುವ ದೃಶ್ಯಗಳು ಮಾತ್ರ ಇಲ್ಲವಾದವು. ಆ ಸಾಮಾನುಗಳು ಎಲ್ಲಿಂದ ಬಂದವೆಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಹಕುಸುಯ್ ಪಾಲಿನ ಕೆಲಸವಾಯಿತು.

ಶುಕ್ರವಾರ ಇಸೊಗಾಯಿ ಕೊನೆಯವರೆಗೂ ನೋಡಿದರು. ಎದೆಯ ಅಂಚನ್ನು ಭೂತಗನ್ನಡಿ ಹಿಡಿದು ನೋಡಿದರು. ಸರಿಯಿತ್ತು.

"ಇವನು ದೇಶ ಬಿಟ್ಟು ಹೋಗಿದಾನಲ್ಲ. ಕಾಗದಪತ್ರ ಎಲ್ಲಿ?"

ಕುಸಕಾಬೆ ತಲೆಬಾಗಿ ಹೇಳಿದರು: "ಸಾಹೇಬ್ರೇ, ಅವನೇ ಕಾಗದ."

ಇಸೊಗಾಯಿ ನಿಯಮಗಳ ಪುಸ್ತಕ ತೆರೆದರು, ಮುಚ್ಚಿದರು. "ಸರಿ, ಅದಕ್ಕೆ ವಿರುದ್ಧವಾಗಿ ಇಲ್ಲೇನೂ ಬರೆದಿಲ್ಲ," ಎಂದು ಮಕ್ಕಳೂ ನೋಡಬಹುದೆಂಬ ಮುದ್ರೆ ಒತ್ತಿದರು.

ಶನಿವಾರ ಓಗುರಿ ಮತ್ತು ಸಂಘದವರು ಕಂಪನಿಯ ಕೊಠಡಿಯಲ್ಲಿ ಕೂತರು. ತಮೆಕಿಚಿ ಸಮುದ್ರಕ್ಕೆ ಕಾಲಿಟ್ಟಾಗ ಓಗುರಿ ಅರ್ಧ ಎದ್ದರು. "ಇವನೆಲ್ಲಿಗೆ ಹೊರಟ? ಮನೆ ಆ ಕಡೆ ಇರೋದು! ಏ, ಯಾರಾದ್ರೂ ಅವನಿಗೆ ಹೇಳ್ರೋ!"

ಕುಸಕಾಬೆ ಕಣ್ಣು ಮುಚ್ಚಿಕೊಂಡರು. ಬಾಗಿಲಲ್ಲಿ ಮಾಲೀಕರು ನಿಂತಿದ್ದರು. ವಿಗ್ಗುಗಳ ಪೆಟ್ಟಿಗೆ ಆಗಲೇ ಹೊರಗೆ ಬಂದು ಕೂತಿತ್ತು. ಕಥೆಯಲ್ಲಿ ಇಲ್ಲದ ಮಾತನ್ನು ಆಗ ಹಕುಸುಯ್ ಸೇರಿಸಿದ.

"ಮಂಜಿನ ಬೆಟ್ಟ ದಾಟಿದರೂ ನಮ್ಮ ತಮೆಕಿಚಿಗೆ ಚಳಿ ಇಲ್ಲ! ಅಮೆರಿಕ ದಾಟಿದ, ಮೈ ಬೆಚ್ಚಗಿದೆ. ಆಫ್ರಿಕ ದಾಟಿದ, ಮೈ ಬೆಚ್ಚಗಿದೆ. ಭೂಮಿ ಸುತ್ತಿ ಮನೆಗೆ ಬಂದ, ಹೆಂಡತಿ ಮುಟ್ಟಿ ನೋಡಿದಳು, ಏನ್ರೀ, ಇನ್ನೂ ಹೊಗೆಯಾಡ್ತಿದೀರಲ್ಲ! ಯಾವ ಸ್ನಾನದ ಮನೆ? ಶಿತಾಯದ ಸ್ನಾನದ ಮನೆ!"

ಸ್ನಾನ ಮುಗಿಸಿ ಮನೆ ಸೇರುವಷ್ಟರಲ್ಲಿ ಮೈ ತಣ್ಣಗಾಗಿ ಶೀತವಾಗುತ್ತದೆ ಎಂಬುದು ಗಿರಾಕಿಗಳ ಹಳೆಯ ದೂರು. ಓಗುರಿ ನಿಧಾನವಾಗಿ ಕೂತರು.

"ಭೂಮಿ ಸುತ್ತಿದರೂ ಆರಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಪಕ್ಕದವರ ತೊಡೆ ತಟ್ಟಿದರು. "ಹೌದಪ್ಪಾ, ನಮ್ಮ ನೀರು ಅಷ್ಟು ಬಿಸಿ ಇದ್ದೇ ಇದೆ!"

ಸಂಘ ಚಿತ್ರವನ್ನು ಒಪ್ಪಿಕೊಂಡಿತು. ವಿಗ್ಗುಗಳಿಗೆ ಮಾಲೀಕರು ಮೆಟ್ಟಿಲ ಕೆಳಗೆ ಜಾಗ ಮಾಡಿಕೊಟ್ಟರು. ನವೆಂಬರಿನಲ್ಲಿ ಶಿತಾಯದ ಎರಡು ಸ್ನಾನದ ಮನೆಗಳಿಂದ ಐವರು ಮಕ್ಕಳು ಮನೆಯ ಕಡೆ ತಿರುಗದೆ ಬಲಕ್ಕೆ ಹೊರಟು, ಸುಮಿದಾ ನದಿಯ ಸೇತುವೆಯ ಬಳಿ ಪೊಲೀಸರ ಕೈಗೆ ಸಿಕ್ಕರು. ಮರುವಾರ ಇಲಾಖೆಯಿಂದ ಬಂದ ಆದೇಶದಂತೆ, ಚಿತ್ರದ ಕೊನೆಗೆ "ಬಂದ ದಾರಿಯಲ್ಲೇ ಮನೆಗೆ ಹಿಂತಿರುಗಿ" ಎಂಬ ಫಲಕವನ್ನು ಸೇರಿಸಲಾಯಿತು.