ಮೂರು ದಿನದ ಚೀಲ

"ನಿಲ್ಲಿ, ಮಾಮಿ ಬಂದ್ರು," ಎಂದು ಆಸಿಯಮ್ಮನನ್ನು ವಿಮಾನ ನಿಲ್ದಾಣದಿಂದ ಕರೆತಂದ ಝಿಯಾದ್ ಕಾರಿನಿಂದ ಇಳಿಯುತ್ತಲೇ ಕೂಗಿದ. ದಫನಕ್ಕೆ ಹೊರಟು ಹೊಸ್ತಿಲು ದಾಟಿದ್ದ ಮಯ್ಯತ್ತನ್ನು ಗಂಡಸರು ಮತ್ತೆ ಒಳಗೆ ತಂದು ಇಳಿಸಿದರು. ಆಸಿಯಮ್ಮ ಹೆಗಲ ಚೀಲ ತೆಗೆಯುವುದನ್ನೂ ಮರೆತು ಗಂಡನ ಮುಖ ನೋಡಿದಳು. ರುಸ್ತಾಕ್ ಪೇಟೆಯಲ್ಲಿ ಮೂವತ್ತೆರಡು ವರ್ಷ ಒಮಾನಿಗಳ ಬಿಳಿ ನಿಲುವಂಗಿ ಹೊಲಿದ ಹಂಝ ಈಗ ಹೊಲಿಗೆಯೇ ಇಲ್ಲದ ಬಿಳಿ ಬಟ್ಟೆಯಲ್ಲಿ ಮಲಗಿದ್ದ. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲೇ ಎದೆನೋವು ಬಂದಿತ್ತು.

ಗಂಡಸರು ಮಯ್ಯತ್ತು ಹೊತ್ತು ಹೊರಟುಹೋದರು. ಹೆಂಗಸರು ಅವಳನ್ನು ಕೋಣೆಯೊಳಗೆ ಕೂರಿಸಿದರು.

"ಪುಣ್ಯವಂತ," ಎಂದಳು ನೆರೆಮನೆಯ ನಫೀಸಾ. "ಮೂರು ತಿಂಗಳಿಗೊಮ್ಮೆ ತಪ್ಪದೆ ಹೆಂಡತಿ ಬರುವುದೆಂದರೆ ಸಣ್ಣ ಮಾತಾ? ನಮ್ಮವರಿಗೆ ಒಂದೇ ಮನೆಯಲ್ಲಿದ್ರೂ ನನ್ನ ಮುಖ ನೋಡ್ಲಿಕ್ಕೆ ಪುರುಸೊತ್ತಿಲ್ಲ."

ಆಸಿಯಮ್ಮ ಹೆಗಲ ಚೀಲ ಇಳಿಸಿ ಮಂಚದ ಕೆಳಗೆ ತಳ್ಳಿದಳು.

*

"ಮೂರು ತಿಂಗಳಿಗೊಮ್ಮೆ ಬಂದು ಮುಖ ತೋರಿಸದಿದ್ರೆ ನಿನ್ನ ರೆಸಿಡೆಂಟ್ ಕಾರ್ಡ್ ಖಲಾಸ್," ಎಂದು ಹಂಝ ಫೋನಿನಲ್ಲಿ ಹೇಳುತ್ತಿದ್ದ. ಮಗಳ ಓದಿಗೆಂದು ಅವಳು ಊರು ಸೇರಿ ಹನ್ನೊಂದು ವರ್ಷವಾಗಿತ್ತು.

"ಒಂದು ಕಾರ್ಡಿಗೋಸ್ಕರ ಎಷ್ಟು ಸಲ ವಿಮಾನ ಹತ್ತುವುದು ಮಾರಾಯ್ರೆ?"

"ಸರ್ಕಾರದ ರೂಲ್ಸ್. ನಂದಲ್ಲ."

ಗೊಣಗುತ್ತಲೇ ಬರುತ್ತಿದ್ದಳು. ಮೂರೇ ದಿನ. ಚೀಲ ಮಂಚದ ಕೆಳಗೇ ಇರುತ್ತಿತ್ತು. "ಬಟ್ಟೆ ಕಪಾಟಿನಲ್ಲಿಡು," ಎಂದು ಅವನು ಹೇಳಿದರೆ, "ನಾಡಿದ್ದು ಮತ್ತೆ ಯಾರು ತುಂಬಿಸುವುದು?" ಎನ್ನುತ್ತಿದ್ದಳು.

ಈ ಸಲ ಮಗಳ ಮನೆ ಒಕ್ಕಲು ಇತ್ತು. "ಹದಿನೈದು ದಿನ ತಡವಾದ್ರೆ ಆಗ್ತದಾ?" ಎಂದು ಕೇಳಿದ್ದಳು.

ಹಂಝ ಹೊಲಿಗೆ ಯಂತ್ರ ನಿಲ್ಲಿಸಿದ್ದು ಫೋನಿನಲ್ಲಿ ಕೇಳಿಸಿತು. "ಆಫೀಸಲ್ಲಿ ಕೇಳಿ ಹೇಳ್ತೇನೆ." ಮರುದಿನ ಅವನೇ ಫೋನ್ ಮಾಡಿದ. "ಕೇಳಿದೆ. ಹದಿನೈದು ದಿನ ಬಿಡ್ತಾರಂತೆ."

ಅವನು ಹೋದದ್ದು ಆ ಹದಿನೈದರ ಹದಿಮೂರನೆಯ ದಿನ.

*

"ನಾನು ಇವರಿಗಾಗಿ ಬರ್ತಿದ್ದದ್ದಲ್ಲ ನಫೀಸಾ," ಎಂದಳು ಆಸಿಯಮ್ಮ. "ಕಾರ್ಡಿಗೆ ಬರ್ತಿದ್ದೆ. ಮೂರು ತಿಂಗಳು ದಾಟಿದ್ರೆ ಅದು ಹೋಗ್ತದಲ್ಲ."

ಚಹಾ ತಂದ ಝಿಯಾದನ ಹೆಂಡತಿ ನುಸ್ರತ್ ನಿಂತಳು. "ಯಾರು ಹೇಳಿದ್ದು ಮಾಮಿ? ಆರು ತಿಂಗಳೊಳಗೆ ಒಮ್ಮೆ ಬಂದ್ರೆ ಸಾಕು. ನಮ್ಮವರು ದಿನಾ ಮಾಡುವುದು ಅದೇ ವೀಸಾದ ಕೆಲಸ. ಹಂಝಾಕನ ಕಾಗದ ಪತ್ರ ಎಲ್ಲಾ ಅವರೇ ನೋಡ್ತಿದ್ದದ್ದು. ಹಂಝಾಕನಿಗೂ ಗೊತ್ತಿತ್ತು."

ನಫೀಸಾ ಅವಳ ಸೊಂಟ ಚಿವುಟಿದಳು. ನುಸ್ರತ್‌ಗೆ ತಡವಾಗಿ ಅರ್ಥವಾಯಿತು.

ಆಸಿಯಮ್ಮ ಚಹಾದ ಲೋಟ ಹಿಡಿದೇ ಕೂತಿದ್ದಳು.

"ಇದ್ದತ್ ಊರಲ್ಲೇ ಕೂತ್ಕೊಳ್ಳಿ ಮಾಮಿ, ಮಗಳ ಹತ್ತಿರ," ಎಂದಳು ನುಸ್ರತ್ ಮೆಲ್ಲಗೆ. "ಟಿಕೆಟ್ ಮಾಡ್ಲಿಕ್ಕೆ ಹೇಳ್ಲಾ?"

"ಬೇಡ. ಗಂಡ ಹೋದವಳು ಮನೆಯೊಳಗೆ ಕೂರುವುದು ನಾಲ್ಕು ತಿಂಗಳು ಹತ್ತು ದಿನ ಅಲ್ವಾ? ಇಲ್ಲೇ ಕೂರ್ತೇನೆ."

ಎಲ್ಲರೂ ಆಚೆ ಹೋದ ಮೇಲೆ ಅವಳು ಕಪಾಟಿನ ಬಾಗಿಲು ತೆಗೆದಳು. ಹಂಝನ ಅಂಗಿಗಳೆಲ್ಲ ಒಂದು ಬದಿಗೆ ಒತ್ತಿಕೊಂಡಿದ್ದವು. ಉಳಿದ ಅರ್ಧದಲ್ಲಿ ಅಂಗಡಿಯಿಂದ ತಂದ ಮರದ ಹ್ಯಾಂಗರುಗಳು ಸಾಲಾಗಿ ಖಾಲಿ ನೇತಾಡುತ್ತಿದ್ದವು. ಚೀಲದಿಂದ ಒಂದು ಸೀರೆ ತೆಗೆದು, ಅದನ್ನು ಹಾಕುವ ಮೊದಲು ಹ್ಯಾಂಗರನ್ನು ಸೆರಗಿನಿಂದ ಒರೆಸಿದಳು. ಸೆರಗು ನೋಡಿದಳು. ಇನ್ನೊಂದನ್ನು ಒರೆಸಿದಳು, ಮತ್ತೊಂದನ್ನು.

ಒಂದರಲ್ಲೂ ಧೂಳಿರಲಿಲ್ಲ.