ಡಾಕ್ಟರ್ ಬಡಿದ ಬಂಡೆ

ಬಕೆಟ್ ತುಂಬಿ, ನೀರು ಬಚ್ಚಲಿನ ಹೊಸ್ತಿಲು ದಾಟಿ ಪಾದ ಮುಟ್ಟಿದಾಗಲೇ ಅವನಿಗೆ ಗೊತ್ತಾದದ್ದು. ಬಾಗಿಲಿಗೆ ಬೆನ್ನು ಮಾಡಿ, ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಹೆಂಡತಿ ಬಂದು ನಲ್ಲಿ ನಿಲ್ಲಿಸಿದಳು.

“ಬೆನ್ನ ಹಿಂದೇನೇ ನೀರು ಸುರೀತಿದೆ. ಕೇಳಿಸಲಿಲ್ವಾ?”

“ಏನೋ ಯೋಚನೆ ಮಾಡ್ತಿದ್ದೆ.”

“ಯೋಚನೆಯಂತೆ! ನಿಮಗೆ ಕಿವಿ ಹೋಗಿದೆ ಕಣ್ರೀ. ನನಗೂ ಗೊತ್ತು, ನಿಮಗೂ ಗೊತ್ತು. ಗೊತ್ತಿಲ್ಲದೇ ಇರೋರು ಗಣಿಯವರು ಮಾತ್ರ.”

ಗಣಿಯವರು ಅವನನ್ನು ಡಾಕ್ಟರ್ ಎನ್ನುತ್ತಿದ್ದರು. ಸಿಡಿಮದ್ದು ಹಾರಿಸಿದ ಮೇಲೆ ಸುರಂಗಕ್ಕೆ ಮೊದಲು ಕಾಲಿಡುವವನು ಅವನೇ. ವೈದ್ಯರು ಎದೆ ತಟ್ಟಿ ನೋಡುವ ಹಾಗೆ ಉದ್ದನೆಯ ಹಾರೆಯಿಂದ ಛಾವಣಿ ಬಡಿದು ನೋಡುತ್ತಿದ್ದ. ಗಟ್ಟಿ ಬಂಡೆ ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಒಡಕು ಮಡಕೆಯಂತೆ ಡಬ್ ಎನ್ನುತ್ತದೆ. ಅದನ್ನು ಮೀಟಿ ಕೆಡವಿ “ಬನ್ರಪ್ಪಾ” ಎಂದ ಮೇಲೆಯೇ ಉಳಿದವರು ಒಳಗೆ ಬರಬೇಕು. ಅವನು ಬಡಿಯುವಾಗ ಗಾಳಿಯ ಯಂತ್ರ ನಿಲ್ಲಿಸುತ್ತಿದ್ದರು. ಕೆಮ್ಮು ಬಂದವರೂ ನುಂಗಿಕೊಳ್ಳುತ್ತಿದ್ದರು.

ಆ ಹೆಸರು ಬರುವ ಮುಂಚೆ ವರ್ಷಗಟ್ಟಲೆ ಬಂಡೆ ಕೊರೆಯುವ ಯಂತ್ರ ಹಿಡಿದಿದ್ದ. ಸದ್ದು ತಡೆಯಲು ಕಿವಿಗೆ ಬಿರಡೆ ಕೊಟ್ಟಿದ್ದರು. ಹಾಕಿಕೊಂಡವರನ್ನು ಉಳಿದವರು “ಓಲೆ ಚೆನ್ನಾಗಿದೆ, ಎಲ್ಲಿ ಮಾಡಿಸಿದೆ?” ಎಂದು ಕೇಳುತ್ತಿದ್ದರು. ಹಾಗಾಗಿ ಯಾರೂ ಹಾಕುತ್ತಿರಲಿಲ್ಲ. ಅವನಿಗೆ ಮೊದಲು ಇಲ್ಲವಾದದ್ದು ತೆಳು ಸದ್ದುಗಳು: ಹಕ್ಕಿ, ನಲ್ಲಿ, ಮೊಮ್ಮಗಳ ಗುಟ್ಟಿನ ಮಾತು. ಆಮೇಲೆ ಠಣ್ ಹೋಯಿತು. ಈಗ ಎಲ್ಲ ಬಂಡೆಯೂ ಡಬ್ ಎನ್ನುತ್ತಿತ್ತು. ಕಿವಿ ತಪಾಸಣೆಯಲ್ಲಿ ನರ್ಸ್ ಸದ್ದಿನ ಗುಂಡಿ ಒತ್ತುವಾಗ ಅವಳ ಭುಜ ಅಲುಗುವುದನ್ನು ಗಮನಿಸಿ, ಕೇಳಿಸಿದವನಂತೆ ಕೈಯೆತ್ತಿ ಪಾರಾಗಿದ್ದ.

“ಹೇಳಿದ್ರೆ ಮೇಲಕ್ಕೆ ಕಳಿಸ್ತಾರೆ. ಗೇಟಲ್ಲಿ ಕೂತು ಲಾರಿ ಬಿಡೋ ಕೆಲಸ. ಡಾಕ್ಟರ್ ಅಂತಿದ್ದ ಬಾಯಲ್ಲೇ ಕಿವುಡ ಅಂತಾರೆ,” ಎಂದ.

“ಅನ್ನಲಿ. ನೀವು ಬಡಿದ ಛಾವಣಿ ಕೆಳಗೆ ನಿಲ್ಲೋನು ನಮ್ಮ ಮಗಳ ಗಂಡ.”

“ಹಾರೆ ಅದುರುತ್ತೆ ಕಣೇ. ಕೈಗೆ ಗೊತ್ತಾಗುತ್ತೆ.”

“ಕೈಗೆ ಅಷ್ಟು ಗೊತ್ತಾಗೋದಾದ್ರೆ ದೇವರು ಕಿವಿ ಯಾಕೆ ಕೊಡ್ತಿದ್ದ?” ಎಂದು ಆಕೆ ನೆಲ ಒರೆಸಲು ಬಾಗಿದಳು. ಅವನು ಉಳಿದ ಗಡ್ಡ ಹೆರೆದು ಮುಗಿಸಿ ಕೆಲಸಕ್ಕೆ ಹೊರಟ.

ಅಂದಿನ ಕೆಲಸ ಅದಿರಿನ ಅಂಚಿನಲ್ಲಿತ್ತು. ಯಾವುದೋ ಕಾಲದಲ್ಲಿ ಭೂಮಿಯೊಳಗೆ ಕರಗಿ ನಿಂತ ಕಲ್ಲು ತಣಿಯುತ್ತಾ ಹೋದಾಗ ನಿಕ್ಕಲ್, ತಾಮ್ರ ಬೆರೆತ ಭಾರದ ಭಾಗ ಗಸಿಯಂತೆ ತಳಕ್ಕೆ ಇಳಿದಿತ್ತು. ದೀಪ ಬಿದ್ದರೆ ಕಂಚಿನ ಬಣ್ಣ, ಅಲ್ಲಲ್ಲಿ ಹಿತ್ತಾಳೆಯ ಹಳದಿ. ಅದರ ಮೇಲೆ ಕರಿಬಂಡೆ. ಎರಡರ ನಡುವೆ ಸಾಬೂನಿನಂತೆ ಜಾರುವ ಬಳಪದ ಕಲ್ಲಿನ ಪದರ. ಚಪ್ಪಡಿಗಳು ಕಳಚಿಕೊಳ್ಳುವುದು ಅಲ್ಲೇ.

ಗಾಳಿಯ ಯಂತ್ರ ನಿಂತಿತು. ಅವನು ಬಡಿದ. ಅಂಗೈ ಎಲ್ಲ ಕಡೆಯೂ ಒಂದೇ ಥರ ಅದುರಿತು. ಆಗ, ಈಚೆಗೆ ರೂಢಿಯಾಗಿದ್ದಂತೆ, ಪ್ರತಿ ಏಟಿಗೂ ಓರೆಗಣ್ಣಿನಲ್ಲಿ ಹಿಂದೆ ನಿಂತವರ ಮುಖ ನೋಡಿದ. ಸದ್ದು ಕೆಟ್ಟದಾದರೆ ಯಾರಾದರೂ ಹುಬ್ಬು ಗಂಟಿಕ್ಕುತ್ತಾರೆ ಎಂಬುದು ಅವನ ಲೆಕ್ಕ. ಯಾರೂ ಗಂಟಿಕ್ಕಲಿಲ್ಲ.

“ಬನ್ರಪ್ಪಾ.”

ಅಳಿಯ ಕೊರೆಯುವ ಯಂತ್ರ ಎತ್ತಿಕೊಂಡು ಮುಂದೆ ಬಂದ. ಅವನ ಕಣ್ಣು ಛಾವಣಿಯ ಮೇಲಿರಲಿಲ್ಲ, ಮಾವನ ಮೇಲಿತ್ತು. ತಂಡದ ಮೇಸ್ತ್ರಿಯ ಕಣ್ಣೂ ಅಲ್ಲೇ ಇತ್ತು. ಡಾಕ್ಟರ್ ಹಾರೆಯನ್ನು ಅಳಿಯನ ಎದೆಗೆ ಅಡ್ಡ ಹಿಡಿದ.

“ನಿಲ್ಲು. ಕೊನೇ ಏಟು ಹೇಗೆ ಕೇಳಿಸ್ತು?”

“ನಾನು ಸದ್ದು ಗಮನಿಸಲಿಲ್ಲ ಮಾವ. ನೀವಿರುವಾಗ ನಮಗ್ಯಾಕೆ? ನಿಮ್ಮ ಮುಖ ನೋಡ್ತಿದ್ದೆ.”

“ನಾನು ನಿನ್ನ ಮುಖ ನೋಡ್ತಿದ್ದೆ.”

ಮೇಸ್ತ್ರಿ ನಕ್ಕ. “ಏನ್ ಡಾಕ್ಟರೇ, ಮಾವ ಅಳಿಯ ಒಬ್ಬರ ಅಂದ ಒಬ್ಬರು ನೋಡ್ತಿದ್ದೀರಾ?”

“ನನಗೆ ಕಿವಿ ಕೇಳಲ್ಲ ಮೇಸ್ತ್ರಿ. ಇವತ್ತಿನ ಮಾತಲ್ಲ. ಬಹಳ ದಿನ ಆಯ್ತು.”

ನಗು ಅರ್ಧಕ್ಕೇ ನಿಂತಿತು. “ಇಷ್ಟು ದಿನ ನಮ್ಮನ್ನ ಒಳಗೆ ಕರೆದಿದ್ದು?” ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದ. ಡಾಕ್ಟರಿಗೆ ಅದು ಕೇಳಿಸಲಿಲ್ಲ, ಆದರೆ ತುಟಿ ನೋಡಿ ಅರ್ಥವಾಯಿತು.

“ತಪ್ಪು ಮಾಡಿದೆ. ಮೇಲೆ ಹೋಗಿ ನಾನೇ ಹೇಳ್ತೀನಿ. ಈಗ ನೀನು ಬಡಿ,” ಎಂದು ಹಾರೆಯನ್ನು ಅಳಿಯನ ಕೈಗಿಟ್ಟ. “ಅದಿರಿನಿಂದ ಶುರು ಮಾಡಿ ಕರಿಬಂಡೆ ಕಡೆ ಬಾ. ಒಂದೊಂದು ಏಟಿಗೂ ಹೇಳು. ಕೂಗಿ ಹೇಳು.”

“ಠಣ್... ಇದೂ ಠಣ್.” ಅಂಚಿಗೆ ಬಂದಾಗ ಅಳಿಯನ ಕೈ ನಿಂತಿತು. “ಮಾವ, ಇದು ಮಡಕೆ.”

“ಪಕ್ಕಕ್ಕೆ ನಿಂತು ಮೀಟು. ಕೆಳಗೆ ಬರಬೇಡ.”

ಬಾಗಿಲಗಲದ ಚಪ್ಪಡಿ ಕಳಚಿ, ಅಳಿಯ ಯಂತ್ರ ಹೂಡಬೇಕಿದ್ದ ಜಾಗದಲ್ಲೇ ಬಿತ್ತು. ಸುರಂಗವೆಲ್ಲ ದೂಳು ತುಂಬಿತು.

“ಕೇಳಿಸ್ತಾ ಮಾವ?” ಎಂದು ಅಳಿಯ ಕೂಗಿದ.

“ಇದು ಕೇಳಿಸ್ತು.” ಡಾಕ್ಟರ್ ಗೋಡೆಗೆ ಒರಗಿಕೊಂಡ. “ಇನ್ನೂ ಇದೆ. ಬಡಿ.”

ಅಳಿಯ ಮತ್ತೆ ಹಾರೆ ಎತ್ತಿದ. ಈ ಸಲ ಯಾರೂ ಡಾಕ್ಟರ ಮುಖ ನೋಡಲಿಲ್ಲ. ಮೇಸ್ತ್ರಿ ಟೊಪ್ಪಿಗೆಯನ್ನು ಕಿವಿಯಿಂದ ಮೇಲೆ ಸರಿಸಿ, ತಲೆ ಎತ್ತಿ ನಿಂತ. ಹಿಂದಿದ್ದವರ ತಲೆಯ ದೀಪಗಳೂ ಒಂದೊಂದಾಗಿ ಛಾವಣಿಯತ್ತ ತಿರುಗಿದವು.