ಕೀ ಉತ್ತರದಲ್ಲಿದ್ದ ಕಡಸು

ದನದ ಡಾಕ್ಟರ್ ಓದಲು ನನ್ನ ಮೊಮ್ಮಗಳು ದೀಪಶ್ರೀಗೆ ಒಂದೇ ಅಂಕ ಕಡಿಮೆ ಬಿದ್ದಿತ್ತು. ಬರೆಯುವ ಪರೀಕ್ಷೆಯಲ್ಲಿ ರಾಕೆಟ್ಟಿನ ವೇಗ ಕೇಳಿದ್ದರಂತೆ, ದನದ ಸುದ್ದಿಯೇ ಇರಲಿಲ್ಲವಂತೆ. ರೈತರ ಮಕ್ಕಳಿಗೆಂದು ಕೊಪ್ಪದಲ್ಲಿ ಇಟ್ಟಿದ್ದ ಪ್ರಾಯೋಗಿಕ ಪರೀಕ್ಷೆಗೆ ಸೀತೂರಿನಿಂದ ಅವಳ ಜೊತೆ ನಾನೂ ಹೋದೆ.

ಅಂಗಳದಲ್ಲಿ ಒಂದು ದನ ಕಟ್ಟಿದ್ದರು. ಅದರ ವಯಸ್ಸು ಹೇಳಬೇಕಿತ್ತು. ದೀಪಶ್ರೀ ಅದರ ಬಾಯಿ ಅಗಲಿಸಿ ಹಲ್ಲು ಎಣಿಸಿದಳು.

"ಎಂಟು ಹಲ್ಲೂ ಬಂದಿದಾವೆ ಸಾರ್. ಐದು ವರ್ಷ."

ಪರೀಕ್ಷಕರು ಒಂದು ಗಾಡಿ ಕಾಗದ ಮಗುಚಿ ನೋಡಿದರು. "ತಪ್ಪು. ಕೀ ಉತ್ತರದಲ್ಲಿ ಎರಡು ವರ್ಷದ ಕಡಸು ಅಂತಿದೆ."

"ಅದನ್ನ ಬರ್ದಿದ್ದು ಯಾವಾಗ ಮಾರಾಯ್ರೆ?" ಎಂದೆ.

"ಮೂರು ವರ್ಷ ಆಯ್ತಜ್ಜಿ. ಆಗ್ಲೂ ಇದೇ ದನ."

"ನಿಮ್ ಕಾಗದಕ್ಕೆ ಹೆದರಿ ಅದು ಬೆಳೀದೆ ನಿಲ್ಲತ್ತಾ? ಕರು ಹಾಕದ ಕಡಸಂತೆ! ಕೆಚ್ಚಲಿಗೆ ಬಾಯಿ ಹಾಕಿರೋ ಆ ಕರು ಯಾರ್ದು, ನಿಮ್ದಾ?"

ಅವರು ಬೆವರುತ್ತಾ ಮೇಲಿನವರಿಗೆ ಫೋನು ಮಾಡಿದರು. ಆ ಮಾತು ಮುಗಿಯುವಷ್ಟರಲ್ಲಿ ದನಕ್ಕೆ ಇನ್ನೊಂದು ವರ್ಷ ತುಂಬಿರಬೇಕು. ಕೊನೆಗೆ, ಕೀ ಉತ್ತರ ತಿದ್ದುವ ಅಧಿಕಾರ ಯಾರಿಗೂ ಇಲ್ಲದ್ದರಿಂದ, ಪ್ರಶ್ನೆಯೇ ತಪ್ಪೆಂದು ಎಲ್ಲರಿಗೂ ಒಂದೊಂದು ಅಂಕ ಹಂಚಿದರು.

ದೀಪಶ್ರೀಗೆ ಸೀಟು ಸಿಕ್ಕಿತು. ಪರೀಕ್ಷೆಗೆಂದು ಬಂದು, ದನ ಹಾಯುತ್ತದೆಂದು ಗೇಟಿನಾಚೆಯೇ ನಿಂತಿದ್ದ ಇಪ್ಪತ್ತು ಮಂದಿಯೂ ಅವಳ ಜೊತೆ ಡಾಕ್ಟರಾಗಲು ಹೊರಟಿದ್ದಾರೆ.